ಎರಡು ನಲವತ್ತುಗಳ ನಡುವೆ ಸಿಕ್ಕಿಬಿದ್ದ ಲಾಂಚು

ಕುಮಟೆಯಲ್ಲಿ ವಿಘ್ನೇಶ್ವರನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಹೊಯ್ಗೆ ಮಾಸ್ತರರ ಮನೆ ಎಂದರೆ ಬಸ್ ಸ್ಟ್ಯಾಂಡಿನ ಹಮಾಲರೂ ದಾರಿ ತೋರಿಸುತ್ತಾರೆ. ಮರಳಿಗೆ ನಮ್ಮ ಕಡೆ ಹೊಯ್ಗೆ ಎನ್ನುವುದು. ಕಾಲೇಜಿನಲ್ಲಿ ಗಣಿತ ಕಲಿಸುವ ನನಗೂ ಹೊಯ್ಗೆಗೂ ಏನು ಸಂಬಂಧ ಎಂದು ಹೊಸಬರು ಕೇಳುವುದುಂಟು. ಸಂಬಂಧ ಆದದ್ದು 1968ರಲ್ಲಿ, ಹೊನ್ನಾವರದ ಹೊಳೆಯ ನಡುವೆ, ಒಂದು ಲಾಂಚು ತುಂಬ ಜನರ ಕಣ್ಣೆದುರಿಗೆ. ಹಾಗಾಗಿ ನಾನು ಮುಚ್ಚಿಟ್ಟುಕೊಳ್ಳುವುದಕ್ಕೆ ಏನೂ ಉಳಿದಿಲ್ಲ.

ನನ್ನ ಊರು ಹೊನ್ನಾವರವೇ. ತಾಯಿ ಅಲ್ಲಿದ್ದಳು. ನಾನು ಕುಮಟೆಯಲ್ಲಿ ಕೋಣೆ ಮಾಡಿಕೊಂಡು, ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ನೆನಪಿನ ಶಕ್ತಿಯ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಲಾಗರಿದಮ್ ಕೋಷ್ಟಕವನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದೆ, ಯಾರೂ ಕೇಳದಿದ್ದಾಗಲೂ.

1967ರ ಬೇಸಗೆಯಲ್ಲಿ ನೆರೆಮನೆಯ ತ್ರ್ಯಂಬಕ ಮುಂಬೈಯಿಂದ ಬಂದ. ಅಲ್ಲಿಯ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಅವನಿಗೆ ಕೆಲಸ. ಕಾಮಾಲೆಯಾಗಿ, ಕಣ್ಣು ಹಳದಿ ಮಾಡಿಕೊಂಡು, ನೆಲನೆಲ್ಲಿ ಕಷಾಯ ಕುಡಿಯುತ್ತ ಜಗಲಿಯಲ್ಲಿ ಮಲಗಿರುತ್ತಿದ್ದ. ಊರಿನವರು ಅವನ ಯಂತ್ರ ಜಾತಕ ಕೂಡಿಸುತ್ತದೆಯೋ, ಕಳೆದುಹೋದ ಎಮ್ಮೆ ಹುಡುಕುತ್ತದೆಯೋ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ನಾನು ಮಾತ್ರ ಅದಕ್ಕೆ ಕೆಲಸ ಹೇಳುವುದು ಹೇಗೆ ಎಂದು ಕೇಳಿದೆ. ಬೇಸರ ಕಳೆಯಲು ಒಬ್ಬ ಶಿಷ್ಯ ಬೇಕಾಗಿದ್ದ ಅವನಿಗೆ ನಾನು ಸಿಕ್ಕಿಬಿದ್ದೆ.

ಕಲಿಸಿದ್ದು ಫೋರ್ಟ್ರಾನ್ ಎಂಬ ಭಾಷೆ. ಕಲಿಯುವುದಕ್ಕೆ ಯಂತ್ರ ಬೇಕಲ್ಲ, ಅದು ಮುಂಬೈಯಲ್ಲಿತ್ತು. ತ್ರ್ಯಂಬಕನೇ ಯಂತ್ರವಾದ. ನಾನು ಒಂದೊಂದು ಆಜ್ಞೆಯನ್ನು ಒಂದೊಂದು ಚೀಟಿಯಲ್ಲಿ ಬರೆದು ಕೊಡುವುದು. ಅವನು ಗೋಡೆಗೆ ಒರಗಿ, ಮೋರೆಯಲ್ಲಿ ಯಾವ ಭಾವವೂ ಇಲ್ಲದೆ, ಬರೆದದ್ದನ್ನು ಬರೆದ ಹಾಗೇ ಮಾಡಿ ತೋರಿಸುವುದು. ಕೂಡಿಸುವಲ್ಲಿ ಗುಣಿಸು ಎಂದು ಬರೆದರೆ ಗುಣಿಸುತ್ತಿದ್ದ. ನಿಲ್ಲಿಸು ಎಂದು ಬರೆಯಲು ಮರೆತ ದಿನ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತ ಕುಳಿತ. ಅವನ ತಾಯಿ ಬಂದು, ರೋಗಿಗೆ ಇಷ್ಟು ಕಷ್ಟ ಕೊಡಬಾರದು ಎಂದು ನನ್ನನ್ನು ಎಬ್ಬಿಸಿ ಕಳಿಸಿದರು.

ಆ ಭಾಷೆಯಲ್ಲಿ ಒಂದು ಸೌಕರ್ಯವಿತ್ತು. ಸಾಲಿನ ಮೊದಲ ಮನೆಯಲ್ಲಿ 'ಸಿ' ಎಂಬ ಇಂಗ್ಲಿಷ್ ಅಕ್ಷರ ಹಾಕಿದರೆ ಆ ಸಾಲು ಬರೀ ಟಿಪ್ಪಣಿ. ಅಂಥ ಚೀಟಿ ಬಂದಾಗ ತ್ರ್ಯಂಬಕ ಮೋರೆಯನ್ನು ಅತ್ತ ತಿರುಗಿಸಿ, ಮುಂದಿನ ಚೀಟಿಗೆ ಕೈ ಚಾಚುತ್ತಿದ್ದ. ಇದನ್ನು ಯಾಕೆ ಓದುವುದಿಲ್ಲ ಎಂದು ಕೇಳಿದೆ.

"ಇದು ನಂಗಲ್ಲ. ಯಂತ್ರ ಇದರ ಮೋರೆನೂ ನೋಡ್ತಿಲ್ಲೆ. ಇದು ನಿಂಗೆ" ಎಂದ.

"ಬರದಂವ ನಾನೇಯ. ನಂಗೆ ನಾನೇ ಎಂತಕ್ಕೆ ಬರಕಳವು?"

"ಈಗಿನ ನಿಂಗಲ್ಲ. ಮುಂದಿನ ವರ್ಷದ ನಿಂಗೆ. ಅವಂಗೆ ಎಂತದೂ ನೆನಪಿರ್ತಿಲ್ಲೆ."

ನಾನು ನಕ್ಕೆ. ನನ್ನ ನೆನಪಿನ ವಿಷಯ ಇವನಿಗೆ ಗೊತ್ತಿಲ್ಲ ಎಂದುಕೊಂಡು, ಲಾಗರಿದಮ್ ಕೋಷ್ಟಕದ ಒಂದು ಪುಟ ಹೇಳಿ ತೋರಿಸಿದೆ. ಅವನು ಕಷಾಯ ಕುಡಿದು ಮಲಗಿಬಿಟ್ಟ.

ಮಳೆಗಾಲ ಹಿಡಿಯುವ ಮೊದಲು ಅವನು ಮುಂಬೈಗೆ ಹಿಂತಿರುಗಿದ. ನಾನು ಪ್ರೋಗ್ರಾಮು ಬರೆದು ಟಪಾಲಿನಲ್ಲಿ ಕಳಿಸುವುದು, ಅವನು ಅಲ್ಲಿ ಸಾಲಿಗೊಂದರಂತೆ ಕಾರ್ಡುಗಳ ಮೇಲೆ ತೂತು ಹೊಡೆಸಿ, ಯಂತ್ರ ಬಿಡುವಾಗಿರುವ ಹೊತ್ತು ನೋಡಿ ಓಡಿಸಿ, ಬಂದ ಉತ್ತರವನ್ನು ಟಪಾಲಿನಲ್ಲಿ ಕಳಿಸುವುದು ಎಂದು ಮಾತಾಯಿತು. ನಾನು ಆರಿಸಿಕೊಂಡ ಕೆಲಸ ಲಾಂಚಿನದು. ಆಗ ಶರಾವತಿಗೆ ಹೊನ್ನಾವರದಲ್ಲಿ ಸೇತುವೆ ಇರಲಿಲ್ಲ. ಭಟ್ಕಳದ ಕಡೆ ಹೋಗುವವರು ಲಾಂಚಿನಲ್ಲಿ ಹೊಳೆ ದಾಟಿ, ಕಾಸರಕೋಡಿನಲ್ಲಿ ಬಸ್ಸು ಹಿಡಿಯಬೇಕು. ಸಮುದ್ರ ಇಳಿದಾಗ ಹೊಳೆಯ ನಡುವಿನ ಹೊಯ್ಗೆದಿಬ್ಬ ಮೇಲೆ ಬರುತ್ತದೆ, ಲಾಂಚು ನಿಲ್ಲಿಸಬೇಕಾಗುತ್ತದೆ. ಯಾವ ದಿನ ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಜನರಿಗೆ ಮೊದಲೇ ತಿಳಿಯುವುದಿಲ್ಲ. ಕಾರವಾರದ ಭರತ-ಇಳಿತದ ವೇಳೆ ಸರಕಾರಿ ಪುಸ್ತಕದಲ್ಲಿ ವರ್ಷಪೂರ್ತಿ ಅಚ್ಚಾಗಿರುತ್ತದೆ. ಅದರಿಂದ ನಮ್ಮ ಹೊಳೆಯ ವೇಳೆ ತೆಗೆದು, ಲಾಂಚಿನ ವೇಳಾಪಟ್ಟಿ ಮಾಡಿಬಿಡೋಣ ಎಂದು ನನ್ನ ಲೆಕ್ಕಾಚಾರ.

ಮೊದಲ ಪ್ರೋಗ್ರಾಮನ್ನು ಬಹಳ ಭಕ್ತಿಯಿಂದ ಬರೆದೆ. ಯಂತ್ರಕ್ಕೆ ಇಂಗ್ಲಿಷಿನ ದೊಡ್ಡ ಅಕ್ಷರ ಬಿಟ್ಟರೆ ಬೇರೆ ಬಾರದು. ಹಾಗಾಗಿ ಅದೇ ಅಕ್ಷರಗಳಲ್ಲಿ ಕನ್ನಡವನ್ನು ಕೂಡಿಸಿಕೊಂಡು, ಮೊದಲ ಸಾಲಿಗೆ 'ಸಿ' ಹಾಕಿ ಶ್ರೀ ಗಣೇಶಾಯ ನಮಃ ಎಂದೆ. ಆಮೇಲೆ ನನ್ನ ಹೆಸರು, ಪದವಿ, ತಂದೆಯ ಹೆಸರು, ಅಜ್ಜನ ಹೆಸರು. ಆಮೇಲೆ ಶರಾವತಿಯ ಉಗಮ, ಅವಳು ಹರಿದು ಬಂದ ದಾರಿ, ಗೇರುಸೊಪ್ಪೆಯ ಪೂರ್ವದ ವೈಭವ. ಪ್ರತಿ ಆಜ್ಞೆಯ ಮೇಲೂ ಅದರ ಗುಣಗಾನ. ಬರೆಯುವ ಭರದಲ್ಲಿ ಅಜ್ಜನ ಹೆಸರಿದ್ದ ಸಾಲಿಗೆ 'ಸಿ' ಹಾಕಲು ಮರೆತೆ.

ಎಷ್ಟೋ ವಾರ ಕಾದ ಮೇಲೆ ಮುಂಬೈಯಿಂದ ಲಕೋಟೆ ಬಂತು. ಕಾಲೇಜಿನ ಶಿಕ್ಷಕರ ಕೋಣೆಯಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಒಡೆದೆ. ಒಂದೇ ಒಂದು ಹಾಳೆ. ಅದರಲ್ಲಿ ನನ್ನ ಅಜ್ಜನ ಹೆಸರು, ಅದರ ಕೆಳಗೆ ಇದು ಯಾವ ಆಜ್ಞೆ ಎಂದು ತಿಳಿಯುತ್ತಿಲ್ಲ ಎಂಬ ಅರ್ಥದ ಒಂದು ಸಾಲು. ಅಷ್ಟೇ. ಗಣಪತಿಯನ್ನು ಯಂತ್ರ ನೋಡದೆ ದಾಟಿತ್ತು; ನಮ್ಮ ಅಜ್ಜನನ್ನು ದಾಟಲಾರದೆ ನಿಂತುಬಿಟ್ಟಿತ್ತು. ತ್ರ್ಯಂಬಕ ಜೊತೆಗೆ ಒಂದು ಚೀಟಿ ಬರೆದಿದ್ದ. ಕಾರ್ಡು ಹೊಡೆಯುವವರು ನಿನ್ನ ವಂಶಾವಳಿ ಹೊಡೆದು ಸುಸ್ತಾದರು, ಆಜ್ಞೆಗಳನ್ನು ಹುಡುಕಿ ತೆಗೆಯುವುದೇ ಕಷ್ಟವಾಯಿತು, ಟಿಪ್ಪಣಿ ಎಂದರೆ ಪುರಾಣವಲ್ಲ ಎಂದಿತ್ತು.

ನನಗೆ ಸಿಟ್ಟು ಬಂತು. ಟಿಪ್ಪಣಿ ಹೆಚ್ಚಾಯಿತೇ, ಸರಿ, ಇನ್ನು ನೋಡು ಎಂದು ಎರಡನೆಯ ಸಲ ಒಂದೊಂದು ಶಬ್ದಕ್ಕೂ ಲೋಭ ಮಾಡಿದೆ. ಪ್ರೋಗ್ರಾಮಿನಲ್ಲಿ ಎರಡು ಸಂಖ್ಯೆಗಳು ಮುಖ್ಯ. ಕಾರವಾರದಲ್ಲಿ ನೀರು ಇಳಿದು ಎಷ್ಟು ನಿಮಿಷದ ಮೇಲೆ ನಮ್ಮ ಹೊಳೆಯಲ್ಲಿ ಇಳಿಯುತ್ತದೆ ಎಂಬುದು ಒಂದು. ನೀರು ತೀರ ಇಳಿಯುವುದಕ್ಕೆ ಎಷ್ಟು ನಿಮಿಷ ಮೊದಲಿನಿಂದ, ಇಳಿದು ಎಷ್ಟು ನಿಮಿಷದ ತನಕ ಲಾಂಚು ಬಿಡಬಾರದು ಎಂಬುದು ಇನ್ನೊಂದು. ಅಳೆದು ನೋಡಿದರೆ ಎರಡೂ ನಲವತ್ತೇ ಆಯಿತು. ಒಂದಕ್ಕೆ 'ಕೆ' ಎಂದೂ ಇನ್ನೊಂದಕ್ಕೆ 'ಎಮ್' ಎಂದೂ ಹೆಸರಿಟ್ಟೆ. ಟಿಪ್ಪಣಿ ಇಲ್ಲ ಎನ್ನಬಾರದಲ್ಲ ಎಂದು ಮೊದಲನೆಯದರ ಮೇಲೆ 'ಇಲ್ಲಿ ಕೆ ನಲವತ್ತು' ಎಂದೂ ಎರಡನೆಯದರ ಮೇಲೆ 'ಇಲ್ಲಿ ಎಮ್ ನಲವತ್ತು' ಎಂದೂ ಬರೆದೆ. ಕೆಳಗಿನ ಆಜ್ಞೆಯ ಸಾಲಿನಲ್ಲೂ ಅದೇ ಇತ್ತು. ಬರೆದು ಮುಗಿಸಿ ನನ್ನ ಸಂಯಮಕ್ಕೆ ನಾನೇ ಮೆಚ್ಚಿಕೊಂಡೆ.

ಈ ಸಲ ಯಂತ್ರ ಒಪ್ಪಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮಡಿಕೆ ಮಡಿಕೆಯಾಗಿ ವೇಳಾಪಟ್ಟಿ ಬಂತು. ಹೊನ್ನಾವರದ ಛಾಪಖಾನೆಯಲ್ಲಿ ಅಚ್ಚು ಹಾಕಿಸಿ, ಲಾಂಚು ನಿಲ್ಲುವ ದಕ್ಕೆಯ ಗೋಡೆಗೆ ಅಂಟಿಸಿದರು. ತಳದಲ್ಲಿ 'ಗಣಿತ: ವಿಘ್ನೇಶ್ವರ, ಕುಮಟಾ' ಎಂದು ಹಾಕಿಸಿದವನು ನಾನೇ. ಪಟ್ಟಿ ಸರಿಯಾಗಿಯೇ ಇತ್ತು ಎನ್ನುವುದನ್ನು ಇಲ್ಲಿ ದಾಖಲಿಸಬೇಕು, ಯಾಕೆಂದರೆ ಇದನ್ನು ಈಗ ಯಾರೂ ನೆನಪಿಟ್ಟಿಲ್ಲ. ಲಾಂಚು ನಡೆಸುವ ತಾಂಡೇಲ ಸೋಮಯ್ಯನಿಗಂತೂ ಅದು ವೇದವಾಯಿತು. ಅದಕ್ಕೆ ಮೊದಲು ಅವನು ನೀರು ನೋಡಿ, ಗಾಳಿ ನೋಡಿ, ಸಂಶಯ ಬಂದರೆ ಬಿದಿರಿನ ಗಳ ಇಳಿಬಿಟ್ಟು ನೋಡಿ ಲಾಂಚು ಬಿಡುತ್ತಿದ್ದ. ಈಗ ಗೋಡೆ ನೋಡಿ ಬಿಡುತ್ತಿದ್ದ. ಕೆಲಸವಿಲ್ಲದಿದ್ದರೂ ನಾನು ಶನಿವಾರ ದಕ್ಕೆಗೆ ಹೋಗಿ, ಜನ ನನ್ನ ಹೆಸರು ಓದುತ್ತಾರೋ ಎಂದು ಸ್ವಲ್ಪ ದೂರ ನಿಂತು ನೋಡುತ್ತಿದ್ದೆ.

ಮರುವರ್ಷದ ಮಳೆಗಾಲದಲ್ಲಿ ಹೊಳೆ ಸೊಕ್ಕಿ, ಸಮುದ್ರ ಸೇರುವ ಅಳಿವೆಯ ಹತ್ತಿರ ಹೊಯ್ಗೆಯ ನಾಲಿಗೆಯೊಂದನ್ನು ಒಡೆದುಕೊಂಡು ನೇರವಾಗಿ ಸಮುದ್ರಕ್ಕೆ ಬಿತ್ತು. ದಾರಿ ಹತ್ತಿರವಾದ್ದರಿಂದ ಸಮುದ್ರದ ಏರಿಳಿತ ಈಗ ನಮ್ಮಲ್ಲಿಗೆ ಬೇಗ ಬರತೊಡಗಿತು. ನಾನು ದಕ್ಕೆಯಲ್ಲಿ ಗಡಿಯಾರ ಹಿಡಿದು ಕೂತು ನೋಡಿದೆ. ನಲವತ್ತು ನಿಮಿಷದ ಬದಲು ಹದಿನೈದೇ ನಿಮಿಷ. ಇಷ್ಟೇ ತಾನೆ, ಒಂದು ಸಂಖ್ಯೆ ಬದಲಿಸಿದರೆ ಆಯಿತು, ಒಂದು ಕಾರ್ಡಿನ ಕೆಲಸ ಎಂದು ಹಳೆಯ ಹಾಳೆ ತೆಗೆದೆ.

ಇಲ್ಲಿ ಕೆ ನಲವತ್ತು. ಇಲ್ಲಿ ಎಮ್ ನಲವತ್ತು.

ಹಾಳೆಯನ್ನು ದೂರ ಹಿಡಿದು ನೋಡಿದೆ, ಹತ್ತಿರ ಹಿಡಿದು ನೋಡಿದೆ. ಕೆ ಎಂದರೆ ಏನು? ಕಾಸರಕೋಡು ಇರಬೇಕು, ಲಾಂಚು ಹೋಗುವುದು ಅಲ್ಲಿಗೇ ತಾನೆ. ಹಾಗಾದರೆ ಎಮ್ ಎಂದರೆ ಮುಟ್ಟುವುದು, ನೀರು ಬಂದು ಮುಟ್ಟುವ ಹೊತ್ತು. ಉಳಿದ ಸಾಲುಗಳನ್ನು ಕೂತು ಓದಿದ್ದರೆ ತಿಳಿಯುತ್ತಿತ್ತು. ಆದರೆ ಆ ದಿನಗಳಲ್ಲಿ ನನ್ನ ಮನಸ್ಸು ಬೇರೆ ಕಡೆ ಇತ್ತು. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಒಂದು ಹುಡುಗಿ ಇದ್ದಾಳೆ, ಮೂಕಾಂಬಿಕಾ ಎಂದು ಹೆಸರು, ಬಿ.ಎಸ್ಸಿ. ಆಗಿ ಭಟ್ಕಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ ಎಂದು ತಾಯಿಗೆ ಸುದ್ದಿ ಬಂದಿತ್ತು. ಎಮ್ ಅನ್ನು ಹದಿನೈದು ಮಾಡು ಎಂದು ತ್ರ್ಯಂಬಕನಿಗೆ ಬರೆದು ಹಾಕಿ, ನಾನು ಹೊಸ ಪ್ಯಾಂಟು ಹೊಲಿಸಲು ಹೋದೆ.

ಹೆಣ್ಣು ನೋಡಲು ಹೊರಟದ್ದು ಹೊಸ ಪಟ್ಟಿ ಗೋಡೆಗೆ ಹತ್ತಿದ ವಾರದಲ್ಲಿ, ಹುಣ್ಣಿಮೆಯ ಹತ್ತಿರದ ಒಂದು ದಿನ. ಹುಣ್ಣಿಮೆ ಬಂತೆಂದರೆ ನೀರು ಜೋರಾಗಿ ಏರುತ್ತದೆ, ಜೋರಾಗಿ ಇಳಿಯುತ್ತದೆ. ಮಧ್ಯಾಹ್ನ ಊಟ ಮುಗಿಸಿ ತಾಯಿಯೂ ನಾನೂ ದಕ್ಕೆಗೆ ಬಂದೆವು. ನೀರು ಬಹಳ ಕೆಳಗಿತ್ತು. ಸೋಮಯ್ಯ ಒಮ್ಮೆ ಹೊಳೆಯನ್ನು ನೋಡಿದ, ಒಮ್ಮೆ ಗೋಡೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ನಕ್ಕು ಇಂಜಿನು ಚಾಲೂ ಮಾಡಿದ. ಆ ನಗೆಗೆ ನಾನು ಬಹಳ ಗಾಂಭೀರ್ಯದಿಂದ ತಲೆದೂಗಿದೆ.

ಹೊಳೆಯ ನಡುವೆ ಲಾಂಚು ಮೊದಲು ಕೆರೆಯಿತು, ಆಮೇಲೆ ನರಳಿತು, ಆಮೇಲೆ ಸ್ವಲ್ಪ ವಾಲಿ ನಿಂತುಬಿಟ್ಟಿತು. ಮೀನು ಮಾರಿ ಬುಟ್ಟಿ ಬರಿದು ಮಾಡಿಕೊಂಡು ಹೊರಟಿದ್ದ ಮಾಸ್ತಮ್ಮ ಎಂಬವಳು ನಮ್ಮ ತಾಯಿಯ ಮೇಲೆ ಬಿದ್ದಳು. ಸೋಮಯ್ಯ ಇಂಜಿನು ಹಿಂದೆ ತಿರುಗಿಸಿ ನೋಡಿದ, ಗಳ ಹಾಕಿ ದೂಡಿ ನೋಡಿದ. ನಮ್ಮ ಸುತ್ತ ಹೊಯ್ಗೆದಿಬ್ಬ ಮೆಲ್ಲಗೆ ಬೆನ್ನು ತೋರಿಸಿತು. ಯಾರೋ ಸೋಮಯ್ಯನನ್ನು ಬೈದರು, ಇಷ್ಟು ವರ್ಷ ಹೊಳೆಯಲ್ಲಿದ್ದು ನಿನಗೆ ಕಣ್ಣು ಇಲ್ಲವೇ ಎಂದು.

"ಕಾಗ್ದ ತಪ್ಪಾಗುಕಿಲ್ಲ. ಮೇಷಿನ್ನು ಹೇಳದ್ದು" ಎಂದ ಸೋಮಯ್ಯ. ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಈ ಹೊಳಿಗೇ ಎಂತೋ ಆಗಿದೆ ಮಾಸ್ತರ್ರೆ" ಎಂದು ನನ್ನ ಕಡೆ ತಿರುಗಿದ.

ಅವನು ಹಾಗೆ ತಿರುಗಿದ್ದರಿಂದ ಲಾಂಚಿನಲ್ಲಿದ್ದವರೆಲ್ಲ ತಿರುಗಿದರು. ಗೋಡೆಯ ಮೇಲಿನ ಹೆಸರನ್ನು ಅವರೆಲ್ಲ ಓದಿದ್ದರು ಎಂದು ಆಗ ನನಗೆ ಖಾತ್ರಿಯಾಯಿತು.

ಹುಡುಗಿಗೆ ತೋರಿಸಿ ಮೆಚ್ಚಿಸಬೇಕೆಂದು ಪ್ರೋಗ್ರಾಮಿನ ಹಾಳೆಗಳನ್ನು ಚೀಲದಲ್ಲಿ ತಂದಿದ್ದೆ. ತೆಗೆದು ಮೊಣಕಾಲ ಮೇಲೆ ಹರಡಿಕೊಂಡೆ. ಬರೆದವನೇ ನಾನು, ಆದರೂ ಯಾರದೋ ಮನೆಯ ಬಾಗಿಲು ತಟ್ಟಿದ ಹಾಗಾಗುತ್ತಿತ್ತು. ತಾಯಿ ಪಕ್ಕದಲ್ಲಿ ಕೂತು, ಏನು ಬರೆದಿದೆ ಎಂದು ಕೇಳಿದಳು. ಇಲ್ಲಿ ನಲವತ್ತು, ಅಲ್ಲಿ ನಲವತ್ತು ಎಂದು ಬರೆದಿದೆ ಎಂದೆ.

"ಎಂತಕ್ಕೆ ನಲವತ್ತು?"

"ಅದು ಬರದ್ದಿಲ್ಲೆ."

ತಾಯಿ ಸೀರೆಯ ಸೆರಗನ್ನು ತಲೆಗೆ ಎಳೆದುಕೊಂಡು ಸಮುದ್ರದ ಕಡೆ ನೋಡುತ್ತ ಕೂತಳು. ನಾನು ಕೊನೆಯ ಸಾಲಿನಿಂದ ಹಿಂದೆ ಹಿಂದೆ ಓದುತ್ತ ಬಂದೆ. ಕಾರವಾರದ ವೇಳೆಗೆ ಕೂಡಿಸಿದ್ದು ಕೆ. ಕೆ ಎಂದರೆ ಕಾರವಾರ. ಎಮ್ ಎಂದರೆ ಮರಳು. ಮರಳಿನ ಭಯಕ್ಕೆ ಇಟ್ಟುಕೊಂಡ ನಲವತ್ತನ್ನು ಹದಿನೈದಕ್ಕೆ ಇಳಿಸಿ, ನೀರಿನ ನಲವತ್ತನ್ನು ಹಾಗೆಯೇ ಬಿಟ್ಟಿದ್ದೆ. ಯಂತ್ರ ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ, ಹೊಳೆ ತೀರ ಬತ್ತುವ ಗಳಿಗೆಗೆ ಸರಿಯಾಗಿ ಲಾಂಚನ್ನು ಹೊರಡಿಸಿತ್ತು. ಹೆಸರಿಡುವಾಗ ಹೊಯ್ಗೆ ಎನ್ನದೆ ಗ್ರಂಥದ ಭಾಷೆಯಲ್ಲಿ ಮರಳು ಎಂದು ಯಾಕೆ ಯೋಚಿಸಿದೆನೋ, ಅದೂ ನೆನಪಾಗಲಿಲ್ಲ.

ಏನಾದರೂ ಮಾಡಬೇಕೆಂದು ಲಾಂಚು ದೂಡುವವರ ಜೊತೆ ನಾನೂ ಇಳಿದೆ. ಹೊಯ್ಗೆ ಎಂದುಕೊಂಡು ಕಾಲಿಟ್ಟದ್ದು ಕೆಸರು. ಹೊಸ ಪ್ಯಾಂಟು ತೊಡೆಯ ತನಕ ಹೋಯಿತು, ಒಂದು ಚಪ್ಪಲಿ ಪೂರ್ತಿ ಹೋಯಿತು. ಲಾಂಚು ದೂಡುವ ಬದಲು ನನ್ನನ್ನು ಎಳೆಯುವುದಕ್ಕೆ ಜನ ಬೇಕಾಯಿತು. ಕೊನೆಗೆ ಭರತದ ನೀರು ಬಂದು ಅದೇ ನಮ್ಮನ್ನು ಎತ್ತಿತು. ಕಾಸರಕೋಡು ಮುಟ್ಟುವಾಗ ಮಾಸ್ತಮ್ಮ ಇಳಿಯುತ್ತ, ಹೊಯ್ಗೆ ಮಾಸ್ತರ್ರೆ ಬರ್ತೆ ಎಂದು ಹೇಳಿ ಹೋದಳು. ಹೆಸರಿಟ್ಟವಳು ಅವಳೇ.

ಹೆಬಳೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಅವರ ಮನೆಯವರ ಪಂಚೆ ಉಟ್ಟು ಜಗಲಿಯಲ್ಲಿ ಕೂತೆ. ಮೂಕಾಂಬಿಕಾ ಅವಲಕ್ಕಿಯ ತಟ್ಟೆ ತಂದಿಟ್ಟವಳು ಒಳಗೆ ಹೋಗಲಿಲ್ಲ, ಕಂಬಕ್ಕೆ ಒರಗಿ ನಿಂತು, ಏನಾಯಿತು ಎಂದು ಕೇಳಿದಳು. ನೆಪ ಹೇಳುವುದಕ್ಕೆ ನನ್ನ ಅವತಾರವೇ ಅಡ್ಡ ಬರುತ್ತಿತ್ತು. ಹಾಳೆಗಳನ್ನು ಕೊಟ್ಟು ಇದ್ದದ್ದು ಹೇಳಿದೆ. ಅವಳು ಕೆಸರು ಕೆರೆದು ಓದಿದಳು. 'ಸಿ' ಹಾಕಿದ ಸಾಲುಗಳು ಯಾರಿಗೆ ಎಂದು ಕೇಳಿದಳು. ಮನುಷ್ಯರಿಗೆ ಎಂದೆ.

"ಮನುಷ್ಯರಿಗೆ ಕೆಳಗಿನ ಸಾಲೂ ಓದಲೆ ಬತ್ತಲ" ಎಂದಳು. "ಕೆ ನಲವತ್ತು ಹೇಳಿ ಅದೇ ಹೇಳ್ತು. ಎಂತಕ್ಕೆ ನಲವತ್ತು, ಯಾವಾಗ ಅದು ನಲವತ್ತಾಗಿರ್ತಿಲ್ಲೆ, ಅದನ್ನ ಬರಿಯಕ್ಕು."

ಅವಳ ತಂದೆ ಮಗಳಿಗೆ ಕಣ್ಣು ಮಾಡಿದರು. ಅವಳು ನೋಡಲಿಲ್ಲ. ಶಾಲೆಯ ಹುಡುಗಿಯರಿಗೆ ಕೇಳುವ ಹಾಗೆ ಒಂದೊಂದೇ ಸಾಲಿಗೆ ಬೆರಳಿಟ್ಟು ಇದು ಎಂತಕ್ಕೆ, ಇದು ಎಂತಕ್ಕೆ ಎಂದು ಕೇಳಿದಳು. ಕೆಲವಕ್ಕೆ ಹೇಳಿದೆ, ಕೆಲವಕ್ಕೆ ಗೊತ್ತಿಲ್ಲ ಎಂದೆ. ಪೆನ್ಸಿಲಿನಲ್ಲಿ ಅಂಚಿಗೆ ಗುರುತು ಹಾಕಿಕೊಟ್ಟಳು. ಅವಲಕ್ಕಿ ಆರಿ ಮೆತ್ತಗಾಯಿತು. ಹಿಂತಿರುಗುವಾಗ ತಾಯಿ, ಈ ಸಂಬಂಧ ಆಗುವುದಿಲ್ಲ, ನಿನ್ನನ್ನು ಪರೀಕ್ಷೆ ಮಾಡಿ ನಪಾಸು ಮಾಡಿದಳು ಎಂದಳು. ನಾನೂ ಹಾಗೆಯೇ ಎಣಿಸಿದ್ದೆ. ವಾರ ಕಳೆಯುವುದರೊಳಗೆ ಒಪ್ಪಿಗೆ ಬಂತು. ಆಮೇಲೆ ಎಷ್ಟೋ ಸಲ ಕಾರಣ ಕೇಳಿದ್ದೇನೆ. ಪ್ರತಿಯೊಂದಕ್ಕೂ ಟಿಪ್ಪಣಿ ಬೇಕೆನ್ನುವವಳು ಅದೊಂದಕ್ಕೆ ಇನ್ನೂ ಬರೆದಿಲ್ಲ.

ಗೋಡೆಯ ಮೇಲಿನ ಪಟ್ಟಿಯನ್ನು ನಾನೇ ಹೋಗಿ ಕಿತ್ತೆ. ಸೋಮಯ್ಯನಿಗೆ ತಪ್ಪು ಹೊಳೆಯದಲ್ಲ, ನನ್ನದು ಎಂದು ಹೇಳಿದೆ. ಅವನು ನಂಬಲಿಲ್ಲ, ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡ. ಹೊಸ ಪ್ರತಿಯನ್ನು ಮೂಕಾಂಬಿಕೆಯ ಗುರುತುಗಳನ್ನು ಮುಂದಿಟ್ಟುಕೊಂಡು ಬರೆದೆ. 'ಕಾರವಾರದಲ್ಲಿ ನೀರು ಇಳಿದ ಮೇಲೆ ಇಲ್ಲಿ ಇಳಿಯಲು ಬೇಕಾದ ಹೊತ್ತು. 1968ರ ಮಳೆಗಾಲದಲ್ಲಿ ಅಳಿವೆ ಒಡೆದ ಮೇಲೆ ದಕ್ಕೆಯಲ್ಲಿ ಅಳೆದದ್ದು. ಅಳಿವೆ ಬದಲಾದರೆ ಮತ್ತೆ ಅಳೆಯಬೇಕು' ಎಂದು ಕೆ ಮೇಲೆ. 'ಹೊಯ್ಗೆದಿಬ್ಬದ ಭಯಕ್ಕೆ. ಲಾಂಚು ಬದಲಾಗದೆ ಇದನ್ನು ಮುಟ್ಟಬಾರದು' ಎಂದು ಎಮ್ ಮೇಲೆ. ಹಳೆಯ ಸಾಲನ್ನು ಹೊಡೆದುಹಾಕದೆ ಅದರ ಮುಂದೆ 'ಸಿ' ಹಾಕಿ ಮಲಗಿಸಿದೆ, ಬೇಕಾದರೆ ಎಬ್ಬಿಸಬಹುದು ಎಂದು. ಹೊಸ ಪಟ್ಟಿ ಬಂತು, ಲಾಂಚು ನಡೆಯಿತು. ಸೋಮಯ್ಯನಿಂದ ಮಾತ್ರ ಗೋಡೆಯ ಜೊತೆ ಗಳವನ್ನೂ ನಂಬುತ್ತೇನೆ ಎಂದು ನಾನು ಪ್ರಮಾಣ ಮಾಡಿಸಿಕೊಂಡೆ.

ಕಲಿತುಬಿಟ್ಟೆ ಎಂದುಕೊಳ್ಳಬೇಡಿ. ಮುಂದಿನ ವರ್ಷ ಬೇಸಗೆಯಲ್ಲಿ ನಮ್ಮ ಮದುವೆಯಾಯಿತು. ಮಳೆ ಕಳೆದು ಮತ್ತೆ ಅಳೆದಾಗ ಹದಿನೈದು ಇಪ್ಪತ್ತಾಗಿತ್ತು. ಸಂಖ್ಯೆ ಬದಲಿಸಿ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಮೂಕಾಂಬಿಕಾ ಹಾಳೆ ಕೇಳಿ ತೆಗೆದುಕೊಂಡಳು. ಸಂಖ್ಯೆ ಇಪ್ಪತ್ತು, ಮೇಲಿನ ಟಿಪ್ಪಣಿ ಇನ್ನೂ ಹಳೆಯ ವರ್ಷದ್ದೇ ಹೇಳುತ್ತಿತ್ತು. ಟಿಪ್ಪಣಿ ಇಲ್ಲದ್ದು ಮೂಗ, ಇದು ಸುಳ್ಳುಗಾರ, ಮೂಗನೇ ಒಳ್ಳೆಯವನು ಎಂದಳು. ನಾನು ಟಿಪ್ಪಣಿ ತಿದ್ದಿದೆ.

ಆ ವರ್ಷದ ಕೊನೆಗೆ ತ್ರ್ಯಂಬಕ ರಜೆಯ ಮೇಲೆ ಬಂದ. ಮೋರೆ ಕೆಂಪಾಗಿ, ಮೈ ತುಂಬಿಕೊಂಡು, ನಮ್ಮಲ್ಲಿಗೆ ಊಟಕ್ಕೆ ಬಂದ. ಎಲೆ ಎತ್ತುವ ಮೊದಲೇ ಪ್ರೋಗ್ರಾಮಿನ ಮಾತು ಶುರುವಾಯಿತು. ಮುಂಬೈಯಲ್ಲಿ ಹೊಸದಾಗಿ ಕಲಿಯಲು ಬಂದವರಿಗೆ ನಮ್ಮ ಹಾಳೆಗಳನ್ನು ತೋರಿಸುತ್ತಿದ್ದೇನೆ ಎಂದ. ನಾನು ಸ್ವಲ್ಪ ನೆಟ್ಟಗೆ ಕೂತೆ. ಅವನು ಮಾತಾಡುತ್ತಿದ್ದುದು ನನ್ನ ಹೆಂಡತಿಯ ಕಡೆ ತಿರುಗಿ. ಸಿ ಹಾಕಿ ಮಲಗಿಸಿದ ಹಳೆಯ ಸಾಲುಗಳನ್ನು ಹಾಗೇ ಇಟ್ಟುಕೊಳ್ಳಬಾರದು, ಮುಂದಿನವರಿಗೆ ಗೊಂದಲ ಎಂದು ಅವನ ವಾದ. ನಿನ್ನೆ ಏನಿತ್ತು ಎಂದು ಗೊತ್ತಿಲ್ಲದವನು ನಾಳೆ ಅದೇ ತಪ್ಪು ಮಾಡುತ್ತಾನೆ, ಇರಲಿ ಎಂದು ಅವಳ ವಾದ. ಇಬ್ಬರೂ ಬಗ್ಗಲಿಲ್ಲ. ನಾನು ಎರಡು ಸಲ ಬಾಯಿ ತೆರೆದೆ. ಎರಡನೆಯ ಸಲ ತ್ರ್ಯಂಬಕ, ಮಜ್ಜಿಗೆ ಇದ್ದರೆ ತಾ ಎಂದ.

ಅಡಿಗೆಮನೆಯಲ್ಲಿ ತಾಯಿ ಮಜ್ಜಿಗೆ ಕಡೆಯುತ್ತಿದ್ದಳು. ಹೊರಗಿನ ಗಲಾಟೆ ಕೇಳಿ, ಯಾರದ್ದು ಸರಿ ಎಂದು ನನ್ನನ್ನು ಕೇಳಿದಳು.

"ಗೊತ್ತಿಲ್ಲೆ" ಎಂದೆ.

ತಾಯಿ ಎರಡು ಲೋಟ ತುಂಬಿ ಕೈಗೆ ಕೊಟ್ಟು, ಚೆಲ್ಲದೆ ತೆಗೆದುಕೊಂಡು ಹೋಗು ಎಂದಳು.